ನಾನು ಖಾಲಿ ಮಾಡಿಸಿದ ಮೇಲಿನ ಮನೆಯವಳು

ಅವಳ ಎರಡೂ ಮುಂಗೈಗಳ ತುಂಬ ಬೆಕ್ಕಿನ ಉಗುರಿನ ಗೀರುಗಳು. ಬನಶಂಕರಿಯಲ್ಲಿ ನಾಯಿ ಬೆಕ್ಕುಗಳ ಕ್ಲಿನಿಕ್ಕಿನಲ್ಲಿ ಕೆಲಸ. ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು, ಇಬ್ಬರು ಗಂಡಸರ ಜೊತೆ.

ಒಬ್ಬ ಗಂಡ, ಇನ್ನೊಬ್ಬ ತಮ್ಮ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಇಬ್ಬರೂ ನನ್ನವರೇ ಆಂಟಿ. ಅವರಿಬ್ಬರಿಗೂ ಗೊತ್ತು, ಒಪ್ಪಿದಾರೆ. ಯಾರೂ ಯಾರಿಗೂ ಸುಳ್ಳು ಹೇಳಿಲ್ಲ," ಎಂದಳು.

ನನಗೊಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ರೇಗಿತು. ತಮ್ಮ ಅಂದಿದ್ದರೆ ನಂಬಿಕೊಂಡು ಸುಮ್ಮನಿರುತ್ತಿದ್ದೆ. ಬಾಯಿ ತಡೆಯದೆ ನಾದಿನಿಗೆ ಹೇಳಿದೆ. ಅಲ್ಲಿಂದ ಶುರುವಾಯಿತು ಕಾಟ. ದಿನಾ ಫೋನು: "ಇಂಥವರಿಗೆ ಮನೆ, ಜವಾಬ್ದಾರಿ ಏನೂ ಇರಲ್ಲ ಅತ್ತಿಗೆ. ಮೊದ್ಲು ಖಾಲಿ ಮಾಡ್ಸಿ."

ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಒಂದು ತಿಂಗಳಲ್ಲಿ ಮನೆ ಬಿಡಿ ಎಂದುಬಿಟ್ಟೆ. ಅವಳು "ಸರಿ ಆಂಟಿ" ಎಂದಳು, ಅಷ್ಟೆ. ಜಗಳವಾಡಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಮರುದಿನ ಎಂದಿನಂತೆ ನನ್ನ ತುಳಸಿಗೂ ನೀರು ಹಾಕಿ ಕೆಲಸಕ್ಕೆ ಹೋದಳು.

ಅದೇ ವಾರ ನಮ್ಮ ಯಜಮಾನರಿಗೆ ಕಣ್ಣಿನ ಪೊರೆ ತೆಗೆಸಿದೆವು. ಮೂರನೆಯ ದಿನ ನಾನು ಬಚ್ಚಲುಮನೆಯಲ್ಲಿ ಜಾರಿ ಬಲಗೈ ಮುರಿದುಕೊಂಡೆ. ದಿನಕ್ಕೆ ಆರು ಸಲ ಅವರ ಕಣ್ಣಿಗೆ ಹನಿ ಹಾಕುವವರು ಯಾರು? ಬರ್ತೀನಿ ಬರ್ತೀನಿ ಎಂದ ನಾದಿನಿಗೆ ಒಂದು ದಿನ ಗೃಹಪ್ರವೇಶ, ಇನ್ನೊಂದು ದಿನ ಮಂಡಿನೋವು.

ಮೇಲಿನ ಮನೆಯವಳು ನನ್ನ ಪ್ಲಾಸ್ಟರ್ ನೋಡಿ ಸೀದಾ ಒಳಗೆ ಬಂದಳು. "ಬೆಕ್ಕಿಗೇ ಹಾಕ್ತೀನಿ, ಅಂಕಲ್ ಏನು ಪರಚ್ತಾರಾ?" ಎನ್ನುತ್ತ ಕೈ ತೊಳೆದಳು. ಸಂಜೆಯೊಳಗೆ ನಮ್ಮ ಫ್ರಿಜ್ಜಿನ ಮೇಲೆ ಮೂವರ ಪಾಳಿಯ ಚೀಟಿ ಅಂಟಿತ್ತು. ಬೆಳಿಗ್ಗೆ ಗಡ್ಡದವನು, ಮಧ್ಯಾಹ್ನ ಮನೆಯಿಂದಲೇ ಕೆಲಸ ಮಾಡುವ ಸಣಕಲ, ಸಂಜೆಯ ಮೇಲೆ ಅವಳು. ಒಂದು ಸಲವೂ ಹೊತ್ತು ತಪ್ಪಲಿಲ್ಲ. ಸಣಕಲ ಸಾರು ಮಾಡಿ ತಂದಿಡುತ್ತಿದ್ದ. ಅವಳು ನನಗೆ ಜಡೆ ಹಾಕುತ್ತಿದ್ದಳು.

ನಾದಿನಿ ಕೊನೆಗೂ ಒಂದು ಮಧ್ಯಾಹ್ನ ಬಂದಳು. ಸಣಕಲ ಅವಳ ಅಣ್ಣನ ರೆಪ್ಪೆ ಬಿಡಿಸಿ ಹನಿ ಹಾಕುತ್ತಿದ್ದ. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಇವರನ್ನ ಇನ್ನೂ ಕಳಿಸಿಲ್ವಾ?" ಎಂದು ಪಿಸುಗುಟ್ಟಿದಳು.

"ನಾಳೆಯಿಂದ ನೀನು ಬಂದು ಹಾಕ್ತೀಯಾ? ಆರು ಸಲ," ಎಂದೆ. ಕಾಫಿಯನ್ನೂ ಕುಡಿಯದೆ ಹೊರಟಳು.

ಅವತ್ತೇ ಸಂಜೆ ಮೇಲಿನ ಮನೆಯವಳಿಗೆ, "ನೀವೆಲ್ಲೂ ಹೋಗ್ಬೇಡಿ," ಎಂದೆ.

"ಚಿಕ್ಕಲಸಂದ್ರದಲ್ಲಿ ಮನೆ ಮಾತಾಡಿ ಆಯ್ತು ಆಂಟಿ. ಓನರ್‌ಗೆ ಮೊದಲೇ ಎಲ್ಲ ಹೇಳಿದೀವಿ. ನೀರು ಪೋಲು ಮಾಡ್ಬೇಡಿ ಅಂದ್ರು, ಇನ್ನೇನೂ ಕೇಳಲಿಲ್ಲ."

ದನಿಯಲ್ಲಿ ಕುಹಕವಿರಲಿಲ್ಲ. ನನಗೆ ಮತ್ತಷ್ಟು ಸಿಟ್ಟು ಬಂತು, ಈ ಸಲ ನನ್ನ ಮೇಲೆಯೇ.

ಅವರು ಮನೆ ಬಿಟ್ಟಾಗ ಇನ್ನೂ ಹನ್ನೊಂದು ದಿನ ಹನಿ ಹಾಕುವುದಿತ್ತು. ಡಾಕ್ಟರು ದಿನಕ್ಕೆ ಎರಡು ಸಲಕ್ಕೆ ಇಳಿಸಿದ್ದರು. ಆ ಎರಡು ಸಲವೂ, ಹನ್ನೊಂದು ದಿನವೂ, ಮೂವರಲ್ಲಿ ಒಬ್ಬರು ಸ್ಕೂಟರಿನಲ್ಲಿ ಬಂದು ಹಾಕಿ ಹೋದರು.

ಮಹಡಿಗೆ ಈಗ ಗಂಡ, ಹೆಂಡತಿ, ಮಗು ಬಂದಿದ್ದಾರೆ. ಮೊನ್ನೆ ಎದುರು ಮನೆಯವರು ಗೇಟಿನಲ್ಲಿ ನಿಂತು, "ಈ ಸಲ ಒಳ್ಳೇ ಫ್ಯಾಮಿಲಿ ಸಿಕ್ತು ನಿಮಗೆ," ಎಂದರು.

"ಹೋದ ಸಲಾನೂ ಸಿಕ್ಕಿತ್ತು," ಎಂದೆ. "ನಾನೇ ಕಳಿಸ್ದೆ."