ಹದಿನಾರು ಎಡಗಾಲಿನ ಶೂಗಳು

ಕಳೆದ ವರ್ಷ ಏಪ್ರಿಲ್‌ನ ಶಾಲಾ ರಜೆಯಲ್ಲಿ ನಡೆದದ್ದು. ನಾವಿರುವುದು ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ. ಮಗಳು ಸಿಂಚನಾ ಓದುವ ಕ್ಯಾಥೊಲಿಕ್ ಶಾಲೆಯ ಹದಿನಾಲ್ಕು ಮಕ್ಕಳು ಬೈಬಲ್‌ನಲ್ಲಿ ಬರುವ ಜಾಗಗಳನ್ನು ನೋಡಲು ಜೋರ್ಡಾನ್ ದೇಶದ ಮರುಭೂಮಿಗೆ ಹೊರಟಿದ್ದರು. ಜೊತೆಗೆ ಹೋಗಬೇಕಿದ್ದ ಪೋಷಕರೊಬ್ಬರ ಕಾಲು ಕೊನೇ ಗಳಿಗೆಯಲ್ಲಿ ಉಳುಕಿತು. ನಾನು ರಜೆ ಹಾಕಿ ಆ ಜಾಗಕ್ಕೆ ನುಗ್ಗಿದೆ. ವಿಮಾನ ಹತ್ತುವ ಮೊದಲೇ ಮಗಳು, "ಅಪ್ಪಾ, ಪ್ಲೀಸ್, ಡೋಂಟ್ ಬಿ ಹೆಲ್ಪ್‌ಫುಲ್" ಎಂದು ಎಚ್ಚರಿಸಿದ್ದಳು.

ತಂಡದ ಹೊಣೆ ಲವೀನಾ ಟೀಚರ್‌ದು. ಊರು ಕುಂದಾಪುರದ ಕಡೆ. ಪರ್ತ್‌ಗೆ ಬರುವ ಮೊದಲು ಹನ್ನೆರಡು ವರ್ಷ ಕುವೈತ್‌ನಲ್ಲಿ ಪಾಠ ಹೇಳಿದವರು, ಅರಬ್ಬೀ ಚೆನ್ನಾಗಿ ಬರುತ್ತದೆ. "ಯೇಸುಸ್ವಾಮಿ ದೀಕ್ಷಾಸ್ನಾನ ಪಡೆದ ನದಿ ಅಲ್ಲಿಂದ ಎಂತ ದೂರ ಇರ್ಲಿಲ್ಲ ಮಾರಾಯ್ರೆ. ಆದ್ರೆ ರಜೆ ಸಿಕ್ಕಿದ್ರೆ ಊರಿಗೆ ಓಡುದು. ಒಮ್ಮೆಯೂ ಹೋಗ್ಲಿಕ್ಕೆ ಆಗ್ಲೇ ಇಲ್ಲ" ಎಂದಿದ್ದರು. ಆ ವರ್ಷವೇ ಅವರ ನಿವೃತ್ತಿ. ಇನ್ನೊಮ್ಮೆ ಬರುವ ಮಾತೇ ಇರಲಿಲ್ಲ. ಪ್ರವಾಸದ ಕೊನೆಯ ದಿನಕ್ಕೆ ಜೋರ್ಡಾನ್ ನದಿಯನ್ನು ಇಟ್ಟುಕೊಂಡಿದ್ದರು. ನಾಲ್ಕು ಗಂಟೆಗೆ ದೀಕ್ಷಾಸ್ನಾನದ ಆ ಜಾಗದ ಬಾಗಿಲು ಹಾಕುತ್ತಾರೆ.

ಅದಕ್ಕೆ ಮೊದಲು, ಮಧ್ಯಾಹ್ನ, ದಾರಿಯಲ್ಲಿದ್ದ ಒಂದು ಹಳೇ ಚರ್ಚಿನ ಅವಶೇಷ ನೋಡಲು ಗುಡ್ಡ ಹತ್ತಿದೆವು. ನೆಲದ ತುಂಬ ಸಣ್ಣ ಸಣ್ಣ ಬಣ್ಣದ ಕಲ್ಲಿನಲ್ಲಿ ಬಿಡಿಸಿದ ಸಂತರು, ಮೀನುಗಳು, ಜಿಂಕೆಗಳು. ಅದರ ಮೇಲೆ ಶೂ ಹಾಕಿಕೊಂಡು ನಡೆಯಲು ನನಗೆ ಕಾಲು ಬರಲಿಲ್ಲ. ಇದು ಪವಿತ್ರ ನೆಲ ಎಂದು ದೇವರು ಮೋಶೆಗೆ ಪಾದರಕ್ಷೆ ಕಳಚಲು ಹೇಳಿದ ಕತೆಯನ್ನು ಟೀಚರ್ ಬಸ್ಸಿನಲ್ಲಿ ಆಗಷ್ಟೇ ಹೇಳಿದ್ದರು. ನಾನು ಶೂ ಬಿಚ್ಚಿದ್ದೇ ತಡ, ಮಕ್ಕಳೂ ಖುಷಿಯಿಂದ ಬಿಚ್ಚಿದರು. "ಒಳ್ಳೇದಾಯ್ತು. ನಮ್ಮೂರ ಇಗರ್ಜಿಯಲ್ಲೂ ಹಿರಿಯರು ಹೊರಗೇ ಬಿಡ್ತಿದ್ರು" ಎಂದು ಟೀಚರ್ ಕೂಡ ಬಿಚ್ಚಿ ಒಳಗೆ ಹೋದರು.

ಇಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾನು ಮೈಸೂರಿನವನು. ದೇವಸ್ಥಾನದ ಮುಂದೆ ಎರಡು ಜೊತೆ ಚಪ್ಪಲಿ ಕಳೆದುಕೊಂಡ ಮೇಲೆ ಸೋದರಮಾವನಿಂದ ಒಂದು ವಿದ್ಯೆ ಕಲಿತಿದ್ದೆ: ಎಡಗಾಲಿನದು ಒಂದು ಕಡೆ, ಬಲಗಾಲಿನದು ಇನ್ನೊಂದು ಕಡೆ ಬಿಡಬೇಕು. ಒಂಟಿ ಚಪ್ಪಲಿ ಯಾವ ಕಳ್ಳನಿಗೆ ಬೇಕು? ಎಲ್ಲರೂ ಒಳಗೆ ಹೋದ ಮೇಲೆ ಹದಿನಾರು ಬಲಗಾಲಿನ ಶೂಗಳನ್ನು ಗೋಡೆಯ ಹಿಂದೆ ಜೋಡಿಸಿದೆ. ಹದಿನಾರು ಎಡಗಾಲಿನವನ್ನು ಗೇಟಿನ ಪಕ್ಕದ ಆಲಿವ್ ಮರದ ಕೆಳಗೆ ಗುಡ್ಡೆ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಒಳಗೆ ಹೋದೆ.

ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಬಲಗಾಲಿನವು ಇದ್ದವು. ಆಲಿವ್ ಮರದ ಕೆಳಗೆ ಎಲೆ ಕೂಡ ಇರಲಿಲ್ಲ, ಅಷ್ಟು ನೀಟಾಗಿ ಗುಡಿಸಿತ್ತು. ಪೊರಕೆ ಹಿಡಿದು ನಿಂತಿದ್ದ ಕಾವಲುಗಾರ ಮುದುಕನ ಹತ್ತಿರ ಟೀಚರ್ ಅರಬ್ಬೀಯಲ್ಲಿ ಮಾತಾಡಿ ನನ್ನ ಕಡೆ ತಿರುಗಿದರು.

"ಎಂತ ಮಾಡಿದ್ದು ನೀವು? ಜೋಡಿ ಇದ್ದಿದ್ರೆ ಮುಟ್ತಾನೇ ಇರ್ಲಿಲ್ಲ ಅಂತೆ ಅವರು. ಎಲ್ಲ ಎಡಗಾಲಿದ್ದೇ ಅಲ್ವಾ, ಯಾರೋ ಬಿಸಾಡಿದ್ದು ಅಂತ ಕಸದ ಗಾಡಿಗೆ ಹಾಕಿಬಿಟ್ರಂತೆ!"

ಸಿಂಚನಾ ಆಕಾಶ ನೋಡಿದಳು. "ಐ ಸೆಡ್ ಡೋಂಟ್ ಹೆಲ್ಪ್, ಅಪ್ಪಾ."

ಪರ್ತ್‌ನ ಮಕ್ಕಳು ಬರಿಗಾಲಲ್ಲಿ ಪೆಟ್ರೋಲ್ ಬಂಕಿಗೂ ಹೋಗಿಬರುವವರು. "ನೋ ವರೀಸ್" ಎನ್ನುತ್ತ ಗುಡ್ಡ ಇಳಿಯಲು ಹೊರಟರು. ನಾಲ್ಕೇ ಹೆಜ್ಜೆಗೆ ಕಾದ ಕಲ್ಲು ಸುಟ್ಟು ಕುಣಿಯುತ್ತ ವಾಪಸು ಬಂದರು. ಬಲಗಾಲಿಗೆ ಶೂ ಹಾಕಿ ಕುಂಟುತ್ತ ಹೋದ ಫುಟ್‌ಬಾಲ್ ಆಡುವ ಹುಡುಗನೊಬ್ಬ ಮುಳ್ಳಿನ ಪೊದೆಯ ಮೇಲೆ ಕೂತ. ಬೇರೆ ಶೂಗಳೆಲ್ಲ ಹೋಟೆಲಿನಲ್ಲಿದ್ದವು, ಅದು ನದಿಗೆ ತದ್ವಿರುದ್ಧ ದಿಕ್ಕು. ಗಂಟೆ ಎರಡು ದಾಟಿತ್ತು. ಟೀಚರ್ ಕಟ್ಟೆಯ ಮೇಲೆ ಕೂತು ಗಡಿಯಾರ ನೋಡಿದರು. "ಹೋಗ್ಲಿ ಬಿಡಿ. ನನಗೆ ಯೋಗ ಇಲ್ಲ ಅಷ್ಟೇ" ಎಂದರು. ನಾಲ್ಕು ಬೈದಿದ್ದರೆ ವಾಸಿಯಿತ್ತು. ನನಗೆ ಅಲ್ಲೇ ಇಂಗಿಹೋಗಬೇಕು ಅನ್ನಿಸಿತು.

ಅವರ ಕಣ್ಣು ಒದ್ದೆಯಾದದ್ದನ್ನು ಕಂಡು ಮುದುಕ ಏನೋ ಕೇಳಿದ. ಇವರು ನದಿಯ ವಿಷಯ ಹೇಳಿದರು. ಅವನು ಪೊರಕೆ ಬಿಸಾಡಿ ಕೆಳಗಿನ ಹಳ್ಳಿಯ ಕಡೆ ದುಡುದುಡು ನಡೆದ. ಅರ್ಧ ಗಂಟೆಯಲ್ಲಿ ಹೆಂಡತಿ ಮತ್ತು ಅಕ್ಕಪಕ್ಕದ ಹೆಂಗಸರ ಜೊತೆ, ಬೆಡ್‌ಶೀಟಿನಲ್ಲಿ ದೊಡ್ಡ ಗಂಟು ಹೊತ್ತು ಬಂದ. ಬಿಚ್ಚಿದರೆ ಹಳ್ಳಿಯ ಮನೆಮನೆಯ ಚಪ್ಪಲಿ! ಬಚ್ಚಲಿನ ಪ್ಲಾಸ್ಟಿಕ್ಕಿನವು, ತಾತಂದಿರ ಚರ್ಮದವು, ಯಾರದೋ ಮದುವೆಯ ಚಿನ್ನದ ಬಣ್ಣದ ಹೈಹೀಲ್ಡ್. ಫುಟ್‌ಬಾಲ್ ಹುಡುಗನಿಗೆ ಗುಲಾಬಿ ಹೂವಿನದು ಬಂತು. ಅವಸರದಲ್ಲಿ ಗಂಟು ಕಟ್ಟಿದ್ದರಲ್ಲ, ಕೊನೆಗೆ ನನಗೆ ಉಳಿದದ್ದು ಎರಡೂ ಎಡಗಾಲಿನವು. ಮಾಡಿದ್ದುಣ್ಣೋ ಮಾರಾಯ ಎಂದು ತೆಪ್ಪಗೆ ಹಾಕಿಕೊಂಡೆ.

"ಸಂಜೆ ತಂದುಕೊಟ್ರೆ ಸಾಕಂತೆ. ಅಷ್ಟರೊಳಗೆ ಗಾಡಿಯವನನ್ನು ಹುಡುಕ್ತಾರಂತೆ" ಎನ್ನುವಾಗ ಟೀಚರ್ ಮುದುಕನ ಹೆಂಡತಿಯ ಕೈ ಹಿಡಿದುಕೊಂಡೇ ಇದ್ದರು.

ನದಿ ಮುಟ್ಟಿದಾಗ ಬಾಗಿಲು ಹಾಕಲು ಕಾಲು ಗಂಟೆ ಉಳಿದಿತ್ತು. ಎಲ್ಲರೂ ದಡದ ಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ನೀರಿಗೆ ಹೋದರು. ನಾನು ಹೋಗಲಿಲ್ಲ. ಇಡೀ ಹಳ್ಳಿಯ ಚಪ್ಪಲಿ ಅಲ್ಲಿದ್ದವು. ಒಂದು ಕಳೆದರೂ ಆ ಮುದುಕನಿಗೆ ಯಾವ ಮುಖ ತೋರಿಸಲಿ? ಜೋಡಿ ಜೋಡಿಯಾಗಿ ಇಟ್ಟು, ಕದಲದೆ ಕಾಯುತ್ತ ಕೂತೆ. ಕೂತಲ್ಲಿಂದ ನೀರು ಕಾಣುತ್ತಿರಲಿಲ್ಲ, ಮಕ್ಕಳ ನಗು ಮಾತ್ರ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೊಣಕಾಲವರೆಗೆ ನೆನೆದ ಟೀಚರ್ ಒಬ್ಬರೇ ಮೇಲೆ ಬಂದರು. ಕೆನ್ನೆ ಮೇಲಿದ್ದದ್ದು ನದಿಯ ನೀರೋ ಕಣ್ಣೀರೋ ತಿಳಿಯಲಿಲ್ಲ. ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಏಳಿ, ನೀವು ಹೋಗಿ ಬನ್ನಿ. ಚಪ್ಪಲಿ ನಾನು ಕಾಯ್ತೇನೆ."

ಹೋದೆ. ಕೆಸರು ಬಣ್ಣದ ನೀರು, ಮೊಣಕಾಲುದ್ದ. ಕೈ ಮುಗಿದರೂ ಏನು ಬೇಡಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಸಂಜೆ ಹಳ್ಳಿಗೆ ಹೋದಾಗ ಹದಿನಾರೂ ಶೂಗಳು ಮುದುಕನ ಬಾಗಿಲಲ್ಲಿದ್ದವು. ಮಕ್ಕಳು ಈಗಲೂ ಆ ಕತೆ ಹೇಳಿ ಹೊಟ್ಟೆ ಹಿಡಿದು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನನಗೆ ಹೆಚ್ಚು ನೆನಪಾಗುವುದು ಆ ದಡ. ಅಷ್ಟು ವರ್ಷ ಕಾದ ಮೇಲೆ ಅವರಿಗೆ ಆ ನದಿಯಲ್ಲಿ ಸಿಕ್ಕಿದ್ದು ಬರೀ ಕಾಲು ಗಂಟೆ. ಅದರಲ್ಲೂ ಅರ್ಧವನ್ನು, ಅದನ್ನು ಹಾಳುಮಾಡಲು ಹೊರಟಿದ್ದ ನನಗೇ ಕೊಟ್ಟುಬಿಟ್ಟರು.