ಕುಡಿಯದವನ ಬಾಯ ವಾಸನೆ

ಹೊಂಗಡಹಳ್ಳದ ಆಚೆಗಿನ ಎಸ್ಟೇಟಿನ ಕೂಲಿಮನೆಗಳ ಲೈನ್‌ನಲ್ಲಿ ಒಂದು ಪದ್ಧತಿಯಿತ್ತು. ಸಂಬಳ ಬಟವಾಡೆಯ ದಿನ ಗಂಡ ಪ್ಯಾಕೆಟ್ ಸಾರಾಯಿ ಏರಿಸಿಕೊಂಡು ಬಂದರೆ ಹೆಂಡತಿ ಅವನನ್ನು ಒಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುವುದು. ನಶೆ ಇಳಿದ ಮೇಲೆ ತೆಗೆಯುವುದು. ಪೊಲೀಸರಿಗಿಂತ ಒಳ್ಳೆಯ ಕಾನೂನು. ಕುಳ್ಳಯ್ಯನೂ ಹಾಗೆ ಬೇಕಾದಷ್ಟು ಸಲ ಒಳಗೆ ಕೂತವನೇ. ಆದರೆ ಧರ್ಮಸ್ಥಳದಲ್ಲಿ ಆಣೆ ಇಟ್ಟು ಬಂದ ಮೇಲೆ ಎರಡು ಮಳೆಗಾಲ ಕಳೆದಿದ್ದವು. ಒಂದು ತೊಟ್ಟೂ ಮುಟ್ಟಿರಲಿಲ್ಲ.

ಆ ಬಟವಾಡೆಯ ಮಧ್ಯಾಹ್ನ ಅವನು ತೂರಾಡುತ್ತ ಬಂದು ಬಾಗಿಲಲ್ಲೇ ವಾಂತಿ ಮಾಡಿದ. ಹೆಂಡತಿ ಕೆಂಚಮ್ಮ ಹತ್ತಿರ ಬಂದು ಬಾಯಿ ಮೂಸಿದಳು. ಕೊಳೆತ ಬಾಳೆಹಣ್ಣಿನಂಥ ಸಿಹಿ ಘಾಟು.

"ಕುಡ್ದಿಲ್ಲ ಕಣೇ," ಅಂದ ಕುಳ್ಳಯ್ಯ. ನಾಲಿಗೆ ಒಣಗಿ ಅಂಟಿಕೊಂಡು ಮಾತು ತೊದಲಿತು.

"ಮಂಜುನಾಥನ್ನೂ ಮಾರ್ಬುಟ್ಯಲ್ಲೋ," ಅಂದಳು ಕೆಂಚಮ್ಮ. ಚಿಲಕ ಬಿತ್ತು.

ಕುಡಿದವನೂ ಕುಡಿದಿಲ್ಲ ಅಂತಲೇ ಹೇಳುವುದು. ಇದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ತಿಂಗಳಿಂದ ಅವನಿಗೆ ಬಿಡದ ಬಾಯಾರಿಕೆ, ಗಳಿಗೆಗೊಮ್ಮೆ ಉಚ್ಚೆ. ಚಡ್ಡಿ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದ. ಕೆಲಸ ಜಾಸ್ತಿಯಾಗಿರಬೇಕು ಅಂದುಕೊಂಡಿದ್ದ. ಈಗ ಹೊಟ್ಟೆಯನ್ನು ಯಾರೋ ಹಿಂಡುತ್ತಿದ್ದಂತಿತ್ತು. ಮೂಲೆಯ ಕೊಡದ ನೀರನ್ನೆಲ್ಲ ಕುಡಿದ. ಕುಡಿದದ್ದೆಲ್ಲ ವಾಪಸ್ಸು ಬಂತು. ಸುಮ್ಮನೆ ಕೂತಿದ್ದರೂ ಗುಡ್ಡ ಹತ್ತಿದವನ ಹಾಗೆ ಉಸಿರು ಎಳೆದೆಳೆದು ಬಿಡುತ್ತಿದ್ದ.

ಬಾಗಿಲು ಬಡಿದು ಕೂಗೋಣ ಅನ್ನಿಸಿತು. ಆದರೆ ಕುಡಿದಾಗ ಅವನು ಮಾಡುತ್ತಿದ್ದದ್ದೇ ಅದು, ಬಾಗಿಲು ಒದೆಯುವುದು, ಅತ್ತೆಯ ಮೂರು ತಲೆಮಾರು ಎತ್ತಿ ಬೈಯುವುದು. ಇವತ್ತು ಕೂಗಿದರೆ ತನ್ನ ಮೇಲೆ ತಾನೇ ಸಾಕ್ಷಿ ಹೇಳಿದಂತೆ. ಸತ್ತರೂ ಸರಿ, ಬಾಯಿ ಬಿಡಬಾರದು ಅಂತ ಗೋಡೆಗೊರಗಿದ. ಮೂರ್ಖತನವೇ. ಆದರೆ ಒಮ್ಮೆ ಹೆಸರು ಕೆಡಿಸಿಕೊಂಡವನಿಗೆ ಬೇರೆ ದಾರಿ ಯಾವುದು? ಅವನಿಗೆ ಅಳು ಬಂತು, ಕಣ್ಣಲ್ಲಿ ನೀರು ಬರಲಿಲ್ಲ.

ಹೊರಗೆ ಕೆಂಚಮ್ಮ ಪಕ್ಕದ ಮನೆಯ ಚಂದ್ರಿಕಾಗೆ ಹೇಳುವುದು ಕೇಳಿಸಿತು: "ಬೈತಾನೇ ಇಲ್ಲ ಕಣೇ. ಕುಡ್ದಿದ್ರೆ ಇಷ್ಟೊತ್ಗೆ ನಮ್ಮವ್ವನ್ನ ಬೈದು ಮುಗ್ಸಿರೋನು. ಆ ಉಸ್ರು ಕೇಳು, ತಿದಿ ಒತ್ದಂಗೆ ಬತ್ತೈತೆ."

ಚಿಲಕ ಸರಿಯಿತು. ಆಮೇಲಿನದೆಲ್ಲ ಅವನಿಗೆ ತುಂಡುತುಂಡಾಗಿ ನೆನಪು: ಎಸ್ಟೇಟಿನ ಜೀಪು, ಡ್ರೈವರ್ ಇಸ್ಹಾಕ್ "ಕಣ್ಮುಚ್ಬ್ಯಾಡ ಮಾರಾಯ" ಅನ್ನುತ್ತಿದ್ದದ್ದು, ಸಕಲೇಶಪುರದ ಆಸ್ಪತ್ರೆಯ ಮಂಚ.

ಡಾಕ್ಟರ್ ಶೀಲಾ ಅವನ ಬಾಯಿಯ ಹತ್ತಿರ ಬಗ್ಗಿದವರು ಕುಡಿತದ ಮಾತೇ ಎತ್ತಲಿಲ್ಲ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಸಕ್ಕರೆ ಮಿತಿಮೀರಿತ್ತು, ಮೂತ್ರದಲ್ಲಿ ಕೊಬ್ಬು ಉರಿದಾಗ ಹುಟ್ಟುವ ಕೀಟೋನ್ ಇತ್ತು. ಸಲೈನ್ ಬಾಟಲಿ ಒಂದರ ಹಿಂದೊಂದು ಏರಿತು. ಜೊತೆಗೆ ಇನ್ಸುಲಿನ್, ಪೊಟ್ಯಾಸಿಯಂ. ಆಗಾಗ ರಕ್ತ ತೆಗೆದು ನೋಡುತ್ತಲೇ ಇದ್ದರು. ಎರಡನೆಯ ದಿನ ಉಸಿರು ಹದಕ್ಕೆ ಬಂತು.

"ಇದು ಸಕ್ಕರೆ ಕಾಯಿಲೆ ಕಣಮ್ಮ," ಅಂದರು ಡಾಕ್ಟರು ಕೆಂಚಮ್ಮನಿಗೆ. "ಇನ್ಸುಲಿನ್ ಇಲ್ಲದಿದ್ರೆ ರಕ್ತದಲ್ಲಿ ಎಷ್ಟು ಸಕ್ಕರೆ ಇದ್ರೂ ಮೈಗೆ ದಕ್ಕಲ್ಲ. ಆಗ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತೆ, ರಕ್ತ ಹುಳಿಯಾಗುತ್ತೆ. ನಿಮ್ಮ ಮೂಗಿಗೆ ಬಡಿದಿದ್ದು ಆ ವಾಸನೆ. ಇನ್ನೊಂದಿಷ್ಟು ತಡ ಆಗಿದ್ರೆ ಉಳೀತಿರಲಿಲ್ಲ. ಇನ್ಮೇಲೆ ದಿನಾ ಇಂಜೆಕ್ಷನ್. ಊಟ ಸೇರಲಿಲ್ಲ ಅಂತ ಅದನ್ನ ನಿಲ್ಲಿಸಬಾರದು. ವಾಂತಿ ಶುರುವಾದ್ರೆ ಸೀದಾ ಇಲ್ಲಿಗೆ ಬನ್ನಿ."

ಕುಳ್ಳಯ್ಯನಿಗೆ ಕೇಸು ಗೆದ್ದಷ್ಟು ಸಂತೋಷವಾಯಿತು. ಆ ಹುರುಪಿನಲ್ಲೇ ಕೇಳಿಬಿಟ್ಟ: "ನಂಗ್ಯಾಕೆ ಬಂತು ಡಾಕ್ಟ್ರಮ್ಮ?"

"ಮುಂಚೆ ಕುಡೀತಿದ್ರಾ?"

"ಬುಟ್ಟು ಎರಡ್ ವರ್ಸ ಆತು. ಅದಕ್ ಮುಂಚೆ ಭಾಳ ವರ್ಸ ಕುಡ್ದೀನಿ."

"ಇನ್ಸುಲಿನ್ ಮಾಡೋ ಅಂಗ ಅದರಿಂದಲೇ ಕೆಟ್ಟಿರಬಹುದು. ಖಚಿತವಾಗಿ ಹೇಳಕ್ಕಾಗಲ್ಲ," ಅಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಕುಳ್ಳಯ್ಯ ಗೋಡೆಯ ಕಡೆ ಹೊರಳಿದ. ತಾನು ಬಿಟ್ಟರೂ ಅದು ತನ್ನನ್ನು ಬಿಡಲಿಲ್ಲವಲ್ಲ. ಇನ್ನು ಲೈನ್‌ನವರು ಆಡಿಕೊಳ್ಳುವುದಕ್ಕೆ ತಡೆಯಿಲ್ಲ, ಕುಡಿದವನಿಗೆ ತಕ್ಕದ್ದಾಯಿತು ಅನ್ನುತ್ತಾರೆ. ಆಣೆ ಇಟ್ಟು ಬಂದದ್ದೇ ದಂಡ ಅನ್ನಿಸಿತು.

ಕೆಂಚಮ್ಮ ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಮೊನ್ನೆ ನೀನು ಕುಡ್ದಿರ್ಲಿಲ್ಲ," ಅಂದಳು. "ಲೈನ್‌ನಾಗೆ ಯಾರೇನೇ ಅನ್ಲಿ, ನಾನ್ ಹೇಳ್ತೀನಿ."