ಕಾದು ಬಂದ್ರಾ, ಕಾಯಿಸಿ ಬಂದ್ರಾ?

ಅವರ ಹತ್ತೂ ಉಗುರುಗಳ ಅಂಚಿನಲ್ಲಿ ಟಾರು ಕೂತಿರುತ್ತಿತ್ತು. ಮದುವೆ ಮನೆಗೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರೂ ಎಲೆಯ ಮುಂದೆ ಕೈ ಚಾಚಿದಾಗ ಆ ಕಪ್ಪು ಗೆರೆಗಳು ಕಣ್ಣಿಗೆ ಬೀಳುತ್ತಿದ್ದವು. ಬಿದಿರು ಹೆಣೆದ ಹರಿಗೋಲಿನ ತಳಕ್ಕೆ ಟಾರು ಬಳಿದೂ ಬಳಿದೂ ಅದು ಅವರ ಮೈಬಣ್ಣದ ಜೊತೆಗೇ ಸೇರಿಹೋಗಿತ್ತು. “ಸೀಮೆಎಣ್ಣೆ ಹಾಕಿ ಉಜ್ಜಬಾರದೇ ಅಣ್ಣಾ?” ಎಂದು ಒಮ್ಮೆ ಕೇಳಿದ್ದೆ. “ಉಜ್ಜುದ್ರೆ ಓಯ್ತದೆ ಮೇಡಮ್ಮೋರೆ, ನಾಳೀಕೆ ತಿರ್ಗಾ ಬತ್ತದೆ. ಸುಮ್ಕೆ ಯಾಕೆ ಅದ್ನ ಓಡಾಡ್ಸದು?” ಎಂದು ನಕ್ಕಿದ್ದರು.

ನಾವೆಲ್ಲ ಅವರನ್ನು ದೋಣಿಯಣ್ಣ ಎನ್ನುತ್ತಿದ್ದೆವು. ತೊಂಬತ್ತರ ದಶಕದಲ್ಲಿ ನನಗೆ ಮೊದಲು ಟೀಚರ್ ಕೆಲಸ ಸಿಕ್ಕಿದ್ದು ತಿ. ನರಸೀಪುರದಿಂದ ಹೊಳೆ ದಾಟಿ ಹೋಗಬೇಕಾದ ಒಂದು ಹಳ್ಳಿಯಲ್ಲಿ. ಮನೆ ನಂಜನಗೂಡು. ಬೆಳಗಿನ ಬಸ್ಸು ಹಿಡಿದು ನರಸೀಪುರ, ಅಲ್ಲಿಂದ ನಡೆದು ಹೊಳೆದಂಡೆ, ಆಮೇಲೆ ದೋಣಿಯಣ್ಣನ ಹರಿಗೋಲು. ಸಂಗಮದಿಂದ ತುಸು ಕೆಳಗೆ ಅವರ ಕಡವು. ಅಲ್ಲಿ ಜನ ದಾಟಿಸುವ ಹಕ್ಕನ್ನು ಆಚೆ ದಡದ ಪಂಚಾಯಿತಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ಪ್ರತಿ ವರ್ಷವೂ ಅವರೇ ಹಿಡಿಯುತ್ತಿದ್ದರು. ಹೊಲವಿಲ್ಲ, ಮನೆಯಲ್ಲಿ ಕರೆಯುವ ಹಸುವಿಲ್ಲ. ಹೊಳೆ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ನಾನೋ, ನಮ್ಮತ್ತೆ ಆಡಿಕೊಳ್ಳುವಂತೆ, ಗಡಿಯಾರ ನುಂಗಿ ಹುಟ್ಟಿದವಳು. ಆದರೆ ನಂಜನಗೂಡಿನ ಬಸ್ಸು ಯಾವ ಗಡಿಯಾರವನ್ನೂ ನುಂಗಿರಲಿಲ್ಲ. ಮೊದಲ ವಾರವೇ ತಡವಾಯಿತು. ನಾವು ನಾಲ್ಕಾರು ಟೀಚರುಗಳು ಸೇರಿ ಬೆಳಗಿನ ಸರದಿಯನ್ನು ತಿಂಗಳ ಬಾಡಿಗೆಗೆ ಗೊತ್ತು ಮಾಡಿಕೊಂಡಿದ್ದೆವು. ಹಾಗೆ ಗೊತ್ತು ಮಾಡಿದವರು ತಡ ಮಾಡಿದರೆ ಬಾಡಿಗೆಯ ಮೇಲೆ ಅರ್ಧ ಹೆಚ್ಚು ಎಂದು ಹಳಬರು ಮೊದಲೇ ಹೆದರಿಸಿದ್ದರು. ಓಡಿ ಬಂದು ಏದುಸಿರು ಬಿಡುತ್ತಾ ನಿಂತವಳನ್ನು ದೋಣಿಯಣ್ಣ ಕೇಳಿದ್ದು ಒಂದೇ ಮಾತು.

“ಕಾದು ಬಂದ್ರಾ, ಕಾಯಿಸಿ ಬಂದ್ರಾ?”

ನನಗೆ ಅರ್ಥವಾಗಲಿಲ್ಲ. ಜೊತೆಯ ಟೀಚರು ಬಿಡಿಸಿ ಹೇಳಿದರು. ಬಸ್ಸಿಗೋ ಆಸ್ಪತ್ರೆಯಲ್ಲೋ ತಾವೇ ಕಾದು ಕಾದು ತಡವಾಗಿ ಬಂದವರಿಗೆ ಹೆಚ್ಚು ಬಾಡಿಗೆಯಿಲ್ಲ. ಆರಾಮಾಗಿ ಎದ್ದು, ತಿಂಡಿ ತಿಂದು, ಇವರನ್ನು ಕಾಯಿಸಿದವರಿಗೆ ಮಾತ್ರ ಉಂಟು. “ಬಸ್ಸಿಗೆ ಕಾದು ಬಂದೆ” ಎಂದೆ. “ಅಂಗಾರೆ ಅತ್ಕಳಿ” ಎಂದು ಹರಿಗೋಲಿನ ಅಂಚನ್ನು ಪಾದದಿಂದ ಒತ್ತಿ ಹಿಡಿದು ಹತ್ತಿಸಿಕೊಂಡರು. ತಾವೇ ತಡ ಮಾಡಿದ ದಿನ ಅವರು ಬಾಡಿಗೆಯನ್ನು ಮುಟ್ಟುತ್ತಲೇ ಇರಲಿಲ್ಲ. ಕೊಡಲು ಹೋದರೆ, “ಇವತ್ತು ಕಾದೋರು ನೀವು, ನಾನೇ ನಿಮ್ಗೆ ಕೊಡ್ಬೇಕು” ಎಂದು ಹುಟ್ಟು ಹಾಕುತ್ತಾ ಮುಖ ತಿರುಗಿಸಿಬಿಡುತ್ತಿದ್ದರು.

ಈ ಲೆಕ್ಕವೇ ಒಂದು ವರ್ಷ ಅವರ ಕುತ್ತಿಗೆಗೆ ಬಂತು.

ನರಸೀಪುರದ ರೈಸ್ ಮಿಲ್ ಸಾಹುಕಾರರು ಮಗಳ ಮದುವೆ ಮುಗಿಸಿ, ಮರುದಿನ ಬೀಗರನ್ನೆಲ್ಲ ಕರೆದುಕೊಂಡು ಆಚೆ ದಡದ ದೇವಿಗೆ ಪೂಜೆ ಮಾಡಿಸಲು ಬೆಳಗಿನ ಹೊತ್ತಿಗೆ ಹರಿಗೋಲು ಹೇಳಿದ್ದರು. ನಮ್ಮನ್ನು ಶಾಲೆಗೆ ದಾಟಿಸಿ ಬಂದ ಮೇಲೆ ದೋಣಿಯಣ್ಣ ಬೇರೆ ಬಾಡಿಗೆಗಳನ್ನು ವಾಪಸ್ಸು ಕಳಿಸಿ ಕಾದರು. ಶನಿವಾರವಾದ್ದರಿಂದ ನಾನು ಬೆಳಗಿನ ಶಾಲೆ ಮುಗಿಸಿ ಆಚೆ ದಡಕ್ಕೆ ಬಂದು ನಿಂತಾಗ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಆ ದಿಬ್ಬಣ ಬಂದಿಳಿಯಿತು. ರೇಷ್ಮೆ ಸೀರೆಗಳು, ವಿಡಿಯೊ ಕ್ಯಾಮೆರಾ, ಕಲ್ಲಿಗೆ ಕಾಲು ತಾಗಿತೆಂದು ಗೊಣಗುವ ಬೀಗರು. “ಕಾಯಿಸಿದ್ದಕ್ಕೆ ಅರ್ಧ ಬಾಡಿಗೆ ಜಾಸ್ತಿ ಆಯ್ತದೆ ಸಾ” ಎಂದರು ದೋಣಿಯಣ್ಣ, ಎಲ್ಲರ ಎದುರಿಗೇ. ಸಾಹುಕಾರರ ಮುಖ ಕೆಂಪಾಯಿತು. ದುಡ್ಡು ಎಣಿಸಿ ಕೊಟ್ಟು ನಡೆದರು.

ಅದೇ ಹರಿಗೋಲಿನಲ್ಲಿ ನಾನು ಈಚೆಗೆ ದಾಟಿದೆ. ಅಲ್ಲಿ ಮೂಗೂರಿನವರೊಬ್ಬರು ಹೆಂಡತಿಯ ಅಸ್ಥಿಯ ಗಡಿಗೆ ಹಿಡಿದು ನಿಂತಿದ್ದರು. ಅವರೂ ಹೇಳಿದ ಹೊತ್ತು ಮೀರಿ ಬಂದವರೇ. ದೋಣಿಯಣ್ಣ ಕೇಳಿದರು, ಅವರು ಬಸ್ಸು ಕೆಟ್ಟಿತೆಂದರು. “ಅಂಗಾರೆ ಅತ್ಕಳಿ.” ಇದನ್ನು ದಿಬ್ಬಣದ ವ್ಯಾನಿನ ಬಳಿ ನಿಂತಿದ್ದ ಮಿಲ್ಲಿನ ರೈಟರು ಕೇಳಿಸಿಕೊಂಡರು. ಅವರ ಕಿವಿಗೆ ಬಿದ್ದದ್ದು ಸಾಹುಕಾರರಿಗೆ ಮುಟ್ಟದೆ ಇರುತ್ತದೆಯೇ? ಈ ಸಲದ ಹರಾಜಿನಲ್ಲಿ ದೋಣಿಯಣ್ಣನನ್ನು ಸೇರಿಸಲೇಬಾರದು ಎಂದು ಪಂಚಾಯಿತಿಗೆ ದೂರು ಹೋಯಿತು.

“ನೀವೂ ಬನ್ನಿ ಮೇಡಮ್ಮೋರೆ, ಸಬೇಲಿ ನಂಗೆ ಮಾತು ಬರಾಕಿಲ್ಲ” ಎಂದು ಕರೆದದ್ದಕ್ಕೆ ನಾನೂ ಹೋದೆ. ದೋಣಿಯಣ್ಣನ ಮಗಳು ಆಗ ನನ್ನ ತರಗತಿಯಲ್ಲೇ ಓದುತ್ತಿದ್ದಳು. ಕಡವು ಕೈಬಿಟ್ಟರೆ ಆ ಹುಡುಗಿಯ ಓದು ಅಲ್ಲಿಗೆ ನಿಂತಂತೆಯೇ ಎಂದು ನನಗೆ ಗೊತ್ತಿತ್ತು.

ಸಾಹುಕಾರರು ಕೂಗಾಡಲಿಲ್ಲ. “ಸತ್ತೋರ ಮನೆಯವರಿಗೆ ಮರುಗೋದು ಒಳ್ಳೇದೇ. ಆದ್ರೆ ಅವರೂ ತಡ, ನಾವೂ ತಡ. ಗಡಿಯಾರಕ್ಕೆ ಅಳೋದು ನಗೋದು ಗೊತ್ತಾಯ್ತದಾ? ಮುಖ ನೋಡಿ ಮಣೆ ಹಾಕೋನಿಗೆ ಕಡವು ಯಾಕೆ ಕೊಡ್ಬೇಕು?” ಎಂದರು. ನನಗೆ ಮೈ ಉರಿಯಿತು. ಆದರೆ ಗಡಿಯಾರ ನುಂಗಿದವಳಿಗೆ ಆ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲೂ ಆಗಲಿಲ್ಲ.

“ಮುಕ ನೋಡಿ ಅಲ್ಲ ಸಾ, ಕೇಳ್ಬುಟ್ಟು” ಎಂದರು ದೋಣಿಯಣ್ಣ. “ಕಾದು ಬಂದ್ರಾ ಕಾಯಿಸಿ ಬಂದ್ರಾ ಅಂತ ಎಲ್ರುನ್ನೂ ಕೇಳ್ತೀನಿ. ಅವ್ರು ಏನೇಳ್ತಾರೋ ಅದೇ ಲೆಕ್ಕ.”

“ಸುಳ್ಳೇಳಿದ್ರೆ?” ಎಂದರು ಪಂಚಾಯಿತಿ ಅಧ್ಯಕ್ಷೆ.

“ಏಳ್ಲಿ ಬುಡವ್ವ. ನಡೂ ಒಳೇಲಿ ಕುಂತು ಸುಳ್ಳೇಳೋನ ಎದೆ ನನ್ಗಿಂತ ಗಟ್ಟಿ.”

ಎಲ್ಲರೂ ನಕ್ಕರು. ಸಾಹುಕಾರರು ನಗಲಿಲ್ಲ.

“ನನ್ನ ಕೇಳ್ದ್ಯಾ?” ಎಂದರು.

ದೋಣಿಯಣ್ಣ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡರು. ಸಾಹುಕಾರರೇ ಮುಂದುವರಿಸಿದರು.

“ಕೇಳ್ಲಿಲ್ಲ. ಬೆಳಕು ಹರಿಯೋಕೆ ಮುಂಚೆ ಸ್ನಾನ ಮಾಡಿ ಛತ್ರದ ಬಾಗಿಲಲ್ಲಿ ನಿಂತಿದ್ದೆ ಕಣಯ್ಯ. ಬೀಗರು ಏಳ್ಲಿಲ್ಲ. ಎದ್ದೋರು ಕಾಫಿ ಸರಿಯಿಲ್ಲ ಅಂದ್ರು. ಹೆಣ್ಣು ಕೊಟ್ಟೋನು ಏನಂತ ಅವಸರ ಮಾಡ್ಲಿ? ನೀನು ದಡದಲ್ಲಿ ಕೂತು ಕಾದೆ, ನಾನು ಅಲ್ಲಿ ನಿಂತು ಕಾದೆ. ಇಳಿದ ತಕ್ಷಣ ಅವರೆಲ್ಲರ ಎದುರಿಗೆ ಕಾಯಿಸಿದ್ದಕ್ಕೆ ಕೊಡಿ ಅಂದ್ಯಲ್ಲ...” ಅಷ್ಟು ದೊಡ್ಡ ಮನುಷ್ಯರಿಗೆ ನೋವಾಗಿದ್ದು ದುಡ್ಡಿನಿಂದಲ್ಲ ಎಂದು ಸಭೆಗೆಲ್ಲ ಆಗ ತಿಳಿಯಿತು.

ದೋಣಿಯಣ್ಣ ಎದ್ದು ಸೊಂಟದ ಚೀಲ ಬಿಚ್ಚಿದರು. “ರೇಸ್ಮೆ ನೋಡ್ದೆ, ಕ್ಯಾಮ್ರಾ ನೋಡ್ದೆ, ಕೇಳಾದೇ ಮರ್ತ್ಬುಟ್ಟೆ. ನೀವಂದಂಗೆ ಮುಕ ನೋಡೇ ಮಣೆ ಆಕ್ದೆ. ತಪ್ಪಾಯ್ತು ಸಾ.” ಕಪ್ಪು ಉಗುರಿನ ಕೈಯಲ್ಲಿ ನೋಟು ಮುಂದೆ ಚಾಚಿದರು. ಸಾಹುಕಾರರು ಬೇಡವೆಂದರು. “ಕಾದು ಬಂದೋರ ದುಡ್ಡು ನಂಗೆ ಅರಗಾಕಿಲ್ಲ” ಎಂದು ಇವರು ಹಟ ಹಿಡಿದರು. ಕೊನೆಗೆ ಸಾಹುಕಾರರು ಅದನ್ನು ಜೇಬಿಗಿಟ್ಟುಕೊಂಡು, “ಕೇಳೋದಾದ್ರೆ ಇನ್ಮೇಲೆ ಪಕ್ಕಕ್ಕೆ ಕರೆದು ಕೇಳು. ನಾಲ್ಕು ಜನರ ಮುಂದೆ ಎಲ್ಲಾರಿಗೂ ನಿಜ ಹೇಳೋಕಾಗಲ್ಲ” ಎಂದರು. ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿ, “ಕಡವು ಇವನ ಹತ್ರಾನೇ ಇರ್ಲಿ ಕಣಮ್ಮ” ಎಂದು ಹೊರಟುಹೋದರು.

ಅಂದಿನಿಂದ ದೋಣಿಯಣ್ಣ ಆ ಮಾತನ್ನು ಯಾರಿಗೇ ಆಗಲಿ, ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳುತ್ತಿದ್ದರು. ಬೀಡಿಯ ವಾಸನೆಗೆ ನಾವು ಮೂಗು ಮುರಿಯುತ್ತಿದ್ದೆವು, ಆದರೆ ಉತ್ತರ ಮಾತ್ರ ನಿಜವನ್ನೇ ಹೇಳುತ್ತಿದ್ದೆವು. ನಾನು ಆ ಪ್ರಶ್ನೆಯನ್ನು ಶಾಲೆಗೂ ತಂದೆ. ತಡವಾಗಿ ಬಂದ ಮಗುವನ್ನು ಬಾಗಿಲ ಪಕ್ಕಕ್ಕೆ ಕರೆದು ಕಿವಿಯಲ್ಲಿ ಕೇಳುವುದು. ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕಾದ ಮಕ್ಕಳು ಎಷ್ಟೊಂದಿದ್ದರು! ಆಮೇಲೆ ಮೂವತ್ತು ವರ್ಷ ಮೇಷ್ಟರಿಕೆ ಮಾಡಿದೆ. ತರಬೇತಿಯಲ್ಲಿ ಕಲಿತದ್ದರಲ್ಲಿ ಯಾವುದೂ ನನಗೆ ಇಷ್ಟು ಉಪಯೋಗಕ್ಕೆ ಬರಲಿಲ್ಲ.

ಎರಡು ಸಾವಿರದ ಈಚೆಗೆ ಹೊಳೆಗೆ ಸೇತುವೆಯಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವಂತೆ ಜನ ಬಸ್ಸಿನ ಕಿಟಕಿಯಿಂದ ಅವರಿಗೆ ಕೈಬೀಸಿ ಹೋಗತೊಡಗಿದರು. ಸಂಗಮದಲ್ಲಿ ಅಸ್ಥಿ ಬಿಡಲು ಬರುವವರಷ್ಟೇ ಅವರಿಗೆ ಉಳಿದರು. ನನಗೆ ಹುಲ್ಲಹಳ್ಳಿಗೆ ವರ್ಗವಾಯಿತು. ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು, ಅಸ್ಥಿ ಬಿಡುವ ದಿನ ಬೆಳಿಗ್ಗೆ ಬರಬೇಕೆಂದು ಮಗಳು ಹೇಳಿ ಕಳಿಸಿದಳು.

ಅಂದು ನಂಜನಗೂಡು ದಾಟುತ್ತಲೇ ಬಸ್ಸು ಕೆಟ್ಟಿತು. ಇನ್ನೊಂದು ಬಸ್ಸಿಗೆ ಕಾದು ಹೊಳೆದಂಡೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದುಕೊಂಡು ದಾರಿಯುದ್ದಕ್ಕೂ ಅತ್ತೆ. ಮುಗಿದಿರಲಿಲ್ಲ. ಅಳಿಯ ಹುಟ್ಟು ಹಿಡಿದು ಕಾಯುತ್ತಿದ್ದ. ಪುರೋಹಿತರು ಹೊತ್ತು ಮೀರಿತೆಂದು ಸಿಡಿಮಿಡಿಗೊಂಡಿದ್ದರು. ಮಗಳು ಗಡಿಗೆಯನ್ನು ಗಂಡನ ಕೈಗೆ ಕೊಟ್ಟು ನನ್ನ ಬಳಿ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ನನ್ನ ಕಿವಿಯ ಹತ್ತಿರ ಬಾಗಿದಳು.

“ಕಾದು ಬಂದ್ರಾ ಮಿಸ್, ಕಾಯಿಸಿ ಬಂದ್ರಾ?”

“ಕಾದು ಬಂದೆ ಕಣಮ್ಮಾ” ಎಂದೆ.

“ಅಂಗಾರೆ ಅತ್ಕಳಿ.”

ಹರಿಗೋಲಿನ ಅಂಚನ್ನು ಪಾದದಿಂದ ಒತ್ತಿ ಹಿಡಿದು ಕೈ ಚಾಚಿದಳು. ಅಪ್ಪನ ಕೊನೆಯ ಸರದಿಗೆಂದು ಹಿಂದಿನ ದಿನ ಹರಿಗೋಲಿಗೆ ತಾನೇ ಟಾರು ಬಳಿದಿದ್ದಳಂತೆ. ನಾನು ಹಿಡಿದುಕೊಂಡ ಕೈಯ ಉಗುರುಗಳ ಅಂಚು ಕಪ್ಪಾಗಿತ್ತು.